ಕೆಳಗಿನ ಡ್ರಾಯರ್ ಹಟ ಹಿಡಿದ ಭಾನುವಾರ

ನಾನು ಬಡಗಿ ಅಲ್ಲ. ರಜೆ ಸಿಕ್ಕರೆ ಮರ ಕೊಯ್ದು, ಜೊತೆಗೆ ಕೈಯನ್ನೂ ಕೊಯ್ದುಕೊಂಡು, ಏನಾದರೊಂದು ಮಾಡುವ ಹುಚ್ಚು ಅಷ್ಟೇ. ಮೊಳೆ, ಸ್ಕ್ರೂ, ಸೂಜಿ, ಗುಂಡಿ ಎಲ್ಲ ಒಂದೇ ಡಬ್ಬಿಯಲ್ಲಿ ಬೆರೆತುಹೋಗುತ್ತಿದ್ದವು ಅಂತ ಐದು ಡ್ರಾಯರ್ ಇರುವ ಪುಟ್ಟ ಪೆಟ್ಟಿಗೆಯೊಂದನ್ನು ಮಾಡಿದ್ದೆ. ಮೇಲೆ ಎರಡು ಸಾಲಿನಲ್ಲಿ ನಾಲ್ಕು ಚಿಕ್ಕವು, ಕೆಳಗೆ ಪೆಟ್ಟಿಗೆಯಷ್ಟೇ ಅಗಲದ ಒಂದು ದೊಡ್ಡದು. ಲೋಹದ ಚಾನೆಲ್ ಹಾಕಿರಲಿಲ್ಲ, ಮರದ ಪಟ್ಟಿಯ ಮೇಲೆ ಮರವೇ ಜಾರಬೇಕು. ಮಾಡಿದ್ದು ಬೇಸಿಗೆಯಲ್ಲಿ. ಒಂದು ಬೆರಳಲ್ಲಿ ತಳ್ಳಿದರೆ ಸಾಕು, ಸುಯ್ ಅಂತ ಒಳಗೆ ಹೋಗುತ್ತಿತ್ತು. ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸಿದ್ದೂ ಆಯಿತು.

ಮಳೆ ಶುರುವಾಗಿ ಮೂರು ವಾರಕ್ಕೆ ಕೆಳಗಿನ ಡ್ರಾಯರ್ ಹಟ ಹಿಡಿಯಿತು. ಅರ್ಧ ಬಂದು ನಿಲ್ಲುತ್ತಿತ್ತು. ಇನ್ನೂ ಜೋರಾಗಿ ಎಳೆದರೆ ಡ್ರಾಯರ್ ಬರುತ್ತಿರಲಿಲ್ಲ, ಇಡೀ ಪೆಟ್ಟಿಗೆಯೇ ಮೇಜಿನ ಮೇಲೆ ನನ್ನ ಕಡೆ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಉಪ್ಪುಕಾಗದ ಹಿಡಿದು ಕೂತೆ. ಬಿಗಿ ಆಗಿದೆ ಅಂದರೆ ಪಕ್ಕದ ಹಲಗೆಗಳು ಒತ್ತುತ್ತಿವೆ ಅಂತ ತಾನೇ ಅರ್ಥ, ಹಾಗಂದುಕೊಂಡು ಎರಡೂ ಪಕ್ಕ ಅರ್ಧ ಗಂಟೆ ಉಜ್ಜಿದೆ. ಮೂಗು, ಮೀಸೆ, ಕನ್ನಡಕ ಎಲ್ಲ ಪುಡಿಮಯ. ಡ್ರಾಯರ್ ಮಾತ್ರ ಹಾಗೇ ಇತ್ತು. ಆಮೇಲೆ ಹೊಲಿಗೆ ಮಷಿನ್ನಿನ ಎಣ್ಣೆ ಬಿಟ್ಟೆ. ಇದಂತೂ ಶುದ್ಧ ದಡ್ಡತನ. ಉಜ್ಜಿದ ಪುಡಿಯನ್ನು ಒರೆಸಿಯೂ ಇರಲಿಲ್ಲವಲ್ಲ, ಎಣ್ಣೆ ಆ ಪುಡಿಯ ಜೊತೆ ಸೇರಿ ಕೆಸರಾಯಿತು, ಮೊದಲಾದರೂ ಅರ್ಧ ಬರುತ್ತಿದ್ದದ್ದು ಈಗ ಕಾಲು ಭಾಗಕ್ಕೇ ನಿಂತಿತು.

ಕೊನೆಗೆ ಗೊತ್ತಿರುವ ಬಡಗಿಯೊಬ್ಬರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಎಲ್ಲಿ ಹಿಡೀತಿದೆ ಅಂತ ನೋಡಿದ್ರಾ ಸಾರ್?" ಅಂದರು.

"ಇಲ್ಲ."

"ಮತ್ತೆ ಉಜ್ಜಿದ್ದು ಏನನ್ನ?"

ಉತ್ತರ ಇರಲಿಲ್ಲ. ಪೆನ್ಸಿಲ್ ತಗೊಂಡು ಡ್ರಾಯರಿನ ಪಕ್ಕ, ಮೇಲಂಚು, ಕೆಳಂಚು ಎಲ್ಲ ಕಡೆ ಗೀಚಿ, ನಾಲ್ಕೈದು ಸಲ ಒಳಗೆ ಹೊರಗೆ ಆಡಿಸಿ ನೋಡಿ ಅಂದರು. ಎಣ್ಣೆ ಕೆಸರನ್ನು ಒರೆಸಿ, ಒಣಗಲು ಬಿಟ್ಟು, ಮಧ್ಯಾಹ್ನ ಹಾಗೇ ಮಾಡಿದೆ. ಪಕ್ಕದ ಗೀಚುಗಳು ಬರೆದ ಹಾಗೇ ಇದ್ದವು! ಅಂದರೆ ಬೆಳಿಗ್ಗೆ ನಾನು ಅರ್ಧ ಗಂಟೆ ಉಜ್ಜಿದ ಜಾಗ ಯಾವುದಕ್ಕೂ ತಾಗುತ್ತಲೇ ಇರಲಿಲ್ಲ. ಗೀಚು ಅಳಿಸಿ ಕಪ್ಪಗೆ ಮಿರಿಮಿರಿ ಆಗಿದ್ದದ್ದು ಮೇಲಂಚಿನಲ್ಲಿ, ಅದೂ ಹಿಂದಿನ ಮೂರು ಇಂಚು ಮಾತ್ರ.

ಯಾಕೆ ಅಂತ ಕೂತು ಯೋಚಿಸಿದಾಗ ಲೆಕ್ಕ ಸಿಕ್ಕಿತು. ಮರ ತೇವ ಕುಡಿದರೆ ಉದ್ದಕ್ಕೆ ಬೆಳೆಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಮಾತ್ರ ಊದುತ್ತದೆ. ಡ್ರಾಯರಿನ ಪಕ್ಕದ ಹಲಗೆಯಲ್ಲಿ ಎಳೆ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ, ಹಾಗಾಗಿ ಅದು ಊದುವುದು ಎತ್ತರದಲ್ಲಿ. ನಾನು ಎಲ್ಲ ಡ್ರಾಯರುಗಳ ಮೇಲೂ ಬಿಟ್ಟಿದ್ದ ಸಂದು ಅರ್ಧ ಮಿಲಿಮೀಟರ್. ಚಿಕ್ಕವುಗಳ ಎತ್ತರ 40 ಮಿಲಿಮೀಟರ್, ನೂರಕ್ಕೆ ಒಂದರಷ್ಟು ಊದಿದರೂ 0.4, ಹೇಗೋ ಬಚಾವು. ದೊಡ್ಡದರ ಎತ್ತರ 90. ಅದು 0.9 ಊದಿದರೆ ಅರ್ಧ ಮಿಲಿಮೀಟರ್ ಸಂದು ಎಲ್ಲಿ ಸಾಲುತ್ತದೆ? ಜೊತೆಗೆ ಇನ್ನೊಂದು. ಡ್ರಾಯರನ್ನು ಎಳೆದಾಗ ಅದರ ಮೂತಿ ಭಾರಕ್ಕೆ ಬಗ್ಗುತ್ತದೆ, ಬಾಲ ಮೇಲೆದ್ದು ಮೇಲಿನ ಪಟ್ಟಿಗೆ ಒತ್ತಿಕೊಳ್ಳುತ್ತದೆ. ಅರ್ಧಕ್ಕೇ ನಿಲ್ಲುತ್ತಿದ್ದದ್ದು, ಹಿಂದಿನ ಮೂರು ಇಂಚು ಮಾತ್ರ ಕಪ್ಪಾದದ್ದು, ಎರಡಕ್ಕೂ ಕಾರಣ ಇದೇ.

ಮರ ಹೆರೆಯುವ ಹತ್ತರಿಯ ಬ್ಲೇಡ್ ಮಸೆದು ಮೇಲಂಚಿನ ಮೇಲೆ ತೆಳ್ಳಗೆ ಓಡಿಸಿದೆ. ಮತ್ತೆ ಗೀಚುವುದು, ಆಡಿಸುವುದು, ಕಪ್ಪಾದ ಕಡೆ ಮಾತ್ರ ಇನ್ನೊಂದು ಸಲ ತೆಗೆಯುವುದು. ಹೀಗೆ ಐದಾರು ಸುತ್ತು. ಬಡಗಿ ಫೋನ್ ಇಡುವ ಮುಂಚೆ ಹೇಳಿದ್ದರು, ಮಳೆಗಾಲದಲ್ಲಿ ಮರ ದಪ್ಪಗಿರುತ್ತೆ, ಈಗ ಜಾರುವಷ್ಟು ತೆಗೆದರೆ ಸಾಕು, ಆಸೆಗೆ ಬೀಳಬೇಡಿ ಅಂತ. ಆದರೆ ಹರಿತವಾದ ಹತ್ತರಿಯಿಂದ ಮರ ಸುರುಳಿ ಸುರುಳಿಯಾಗಿ ಬರುವುದು ನೋಡುತ್ತಿದ್ದರೆ ಕೈ ನಿಲ್ಲುವುದಿಲ್ಲ. ಸುಮ್ನೆ ಇನ್ನೆರಡು ಸಲ ಓಡಿಸಿದೆ.

ಕೊನೆಗೆ ಮೇಣದಬತ್ತಿ. ಕೆಳಂಚು, ಮೇಲಂಚು, ಡ್ರಾಯರ್ ಕೂರುವ ಪಟ್ಟಿ, ಎಲ್ಲಕ್ಕೂ ಒತ್ತಿ ಉಜ್ಜಿ ಒಣಬಟ್ಟೆಯಲ್ಲಿ ಒರೆಸಿದೆ. ಕೆಲವರು ಸೋಪು ಉಜ್ಜುತ್ತಾರೆ, ನನಗೆ ಅದು ಇಷ್ಟವಿಲ್ಲ, ಸೋಪು ತೇವ ಹಿಡಿಯುತ್ತದೆ, ನಮ್ಮ ಜಗಳವೇ ತೇವದ ಜೊತೆ ಅಲ್ವಾ. ಮೇಣ ಬಿದ್ದ ಮೇಲೆ ಬೇಸಿಗೆಯ ಆ ಸುಯ್ ಶಬ್ದ ವಾಪಸ್ ಬಂತು.

ಆದರೂ ಆಗೊಮ್ಮೆ ಈಗೊಮ್ಮೆ ಹಿಡಿಯುತ್ತಿತ್ತು. ಅದಕ್ಕೆ ಕಾರಣ ನಾನೇ. ಈ ಡ್ರಾಯರಿನ ಅಗಲ ಒಂದಡಿ, ಆಳ ಎಂಟು ಇಂಚು. ಆಳಕ್ಕಿಂತ ಅಗಲ ಜಾಸ್ತಿ ಇರುವ ಡ್ರಾಯರನ್ನು ಒಂದು ಮೂಲೆಯಿಂದ ಎಳೆದರೆ ಓರೆಯಾಗಿ ತಿರುಗಿ ಎರಡು ಕಡೆ ಕಚ್ಚಿಕೊಳ್ಳುತ್ತದೆ. ಚೆಂದಕ್ಕೆ ಅಂತ ಎರಡು ತುದಿಗೆ ಎರಡು ಹಿಡಿ ಹಾಕಿದ್ದೆ, ಎಳೆಯುವುದು ಮಾತ್ರ ಯಾವಾಗಲೂ ಬಲಗಡೆಯದನ್ನೇ, ಎಡಗೈಯಲ್ಲಿ ಸ್ಕ್ರೂಡ್ರೈವರ್ ಇರುತ್ತದಲ್ಲ. ಎರಡನ್ನೂ ಕಿತ್ತು ನಡುವೆ ಒಂದೇ ಹಿಡಿ ಕೂರಿಸಿದೆ. ಹಳೆಯ ತೂತುಗಳನ್ನು ಮರದ ಪುಡಿ, ಗೋಂದು ಕಲಸಿ ಮುಚ್ಚಿದ್ದೇನೆ, ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ. ಹತ್ತಿರದಿಂದ ನೋಡಿದರೆ ಎರಡು ಕಣ್ಣು, ನಡುವೆ ಒಂದು ಮೂಗು.

ಈಗ ಮತ್ತೆ ಬೇಸಿಗೆ. ಮರ ಒಣಗಿದೆ, ದೊಡ್ಡ ಡ್ರಾಯರಿನ ಮೇಲೆ ಒಂದೂವರೆ ಮಿಲಿಮೀಟರ್ ಸಂದು ಕಾಣುತ್ತದೆ, ಎಳೆದರೆ ಲಟಕ್ ಅಂತ ಮೂತಿ ಬಗ್ಗಿಸುತ್ತದೆ. ಆ ಕೊನೆಯ ಎರಡು ಸುರುಳಿಯ ಫಲ. ಮೇಲೊಂದು ತೆಳ್ಳನೆ ಪಟ್ಟಿ ಅಂಟಿಸು ಅಂತ ಮನೆಯಲ್ಲಿ ಹೇಳುತ್ತಾರೆ. ಒಂದು ಮಳೆಗಾಲ ಪೂರ್ತಿ ಕಳೆಯುವವರೆಗೆ ಅದಕ್ಕೆ ಕೈ ಹಚ್ಚುವುದಿಲ್ಲ ಅಂತ ಇದ್ದೇನೆ.