ಗಲಾಟೆ ಮಾಡಿದವರ ಹೆಸರು

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಮ್ಮ ಎಂದು ಈಗಿನ ಮುಖ್ಯ ಶಿಕ್ಷಕಿ ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಐದು ಅಕ್ಷರ. ರ, ಗ, ಸ, ದ, ಅ. ನಮ್ಮಕ್ಕ ಅ ಆ ಇ ಈ ಎಂದು ಶುರು ಮಾಡಿದವಳು. 2000ದಲ್ಲಿ ನಾನು ಒಂದನೇ ತರಗತಿಗೆ ಸೇರಿದಾಗ ನನ್ನ ಓದು ಶುರುವಾದದ್ದು ಈ ಐದರಿಂದ. ಇವಿಷ್ಟು ಬಂದರೆ ಸಾಕು, ಅರಸ, ಅಗಸ, ಗರಗಸ ಎಲ್ಲಾ ಓದಬಹುದು. ‘ಗರಗಸ’ ಅಂತ ನಾನೇ ಓದಿದ ದಿನ ಮನೆಗೆ ಓಡಿಹೋಗಿ, ಅಟ್ಟದ ಮೇಲಿದ್ದ ಅಪ್ಪನ ಗರಗಸ ಇಳಿಸಿ ತೋರಿಸು ಅಂತ ಹಟ ಹಿಡಿದಿದ್ದೆ.

ಅದು ನಲಿ-ಕಲಿ ಅನ್ನುವ ಕಲಿಕೆಯ ಪದ್ಧತಿ. ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ 1995ರಲ್ಲಿ ಹುಟ್ಟಿದ್ದು. ಇಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಾವೇ ಕಲಿಯುವುದನ್ನು ನೋಡಿಬಂದು, ನಮ್ಮ ಕಡೆಗೆ ಹೊಂದುವ ಹಾಗೆ ಮಾಡಿಕೊಂಡರು. 2009–10ರ ಹೊತ್ತಿಗೆ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಅದು ಹೋಯಿತು. ನಮಗೆ ಅದೆಲ್ಲ ಏನು ಗೊತ್ತು? ಶಾಲೆ ಅಂದರೆ ಹೀಗೇ ಇರುತ್ತೆ ಅಂದುಕೊಂಡಿದ್ದೆವು.

ತರಗತಿಯಲ್ಲಿ ಬೆಂಚು ಇರಲಿಲ್ಲ. ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಿದ್ದೆವು. ಆ ಗುಂಪಿಗೆ ‘ತಟ್ಟೆ’ ಅಂತ ಹೆಸರು. ಒಂದು ತಟ್ಟೆಯವರಿಗೆ ಮಿಸ್ ಹೇಳಿಕೊಡುತ್ತಿದ್ದರು, ಇನ್ನೊಂದರಲ್ಲಿ ಗೆಳೆಯರೇ ಗೆಳೆಯರಿಗೆ, ಮತ್ತೊಂದರಲ್ಲಿ ನಮ್ಮಷ್ಟಕ್ಕೆ ನಾವು. ಗೋಡೆಯ ಮೇಲೆ ಕಲಿಕಾ ಏಣಿ. ನಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ನನಗೇ ಗೊತ್ತಿರುತ್ತಿತ್ತು. ಅಲ್ಲಿರುವ ಚಿತ್ರ ನೋಡಿ, ಅದೇ ಚಿತ್ರದ ಕಾರ್ಡು ಹುಡುಕಿ ತಂದು ಕೂರುವುದು. ಗೋಡೆಯ ಬುಡದಲ್ಲಿ ನಮ್ಮ ಎತ್ತರಕ್ಕೆ ಸುತ್ತಲೂ ಕಪ್ಪು ಬಣ್ಣ ಬಳಿದಿದ್ದರು, ಒಬ್ಬೊಬ್ಬರಿಗೆ ಒಂದೊಂದು ಜಾಗ. ಒಂದ್ಸಲ ಜ್ವರ ಬಂದು ಹದಿನೈದು ದಿನ ಮನೆಯಲ್ಲಿದ್ದೆ. ವಾಪಸ್ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತಿದೆ. ನೀನು ಹಿಂದುಳಿದೆ ಅಂತ ಯಾರೂ ಅನ್ನಲಿಲ್ಲ.

ಐದನೇ ತರಗತಿಗೆ ಬಂದಾಗ ಬೆಂಚು ಬಂತು. ಸಾಲಾಗಿ ಕೂತರೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ನನ್ನನ್ನು ಲೀಡರ್ ಮಾಡಿದರು.

ಲೀಡರ್ ಕೆಲಸ ನಿಮಗೆಲ್ಲ ಗೊತ್ತೇ ಇದೆ. ಮೇಷ್ಟ್ರು ಇಲ್ಲದಾಗ ಬೋರ್ಡಿನ ಮೂಲೆಯಲ್ಲಿ ‘ಗಲಾಟೆ ಮಾಡಿದವರು’ ಅಂತ ಬರೆದು, ಕೆಳಗೆ ಗೆರೆ ಎಳೆದು, ಹೆಸರು ಬರೆಯುವುದು. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಪ್ಲಸ್. ಒಂದು ಪ್ಲಸ್ಸಿಗೆ ಒಂದು ಏಟು. ಆಮೇಲೆ ಯಾರಾದರೂ ಪೆನ್ಸಿಲ್ ಕೊಡದಿದ್ದರೂ ಅವರ ಹೆಸರು ಬೋರ್ಡಿಗೆ ಹೋಗುತ್ತಿತ್ತು. ಸೀಮೆಸುಣ್ಣ ಕೈಗೆ ಬಂದರೆ ಹತ್ತು ವರ್ಷದ ಮಗುವಿಗೂ ಎಷ್ಟು ಬೇಗ ಅಧಿಕಾರದ ರುಚಿ ಹತ್ತುತ್ತೆ ಅಂತ ಈಗಲೂ ನೆನೆದರೆ ಭಯವಾಗುತ್ತದೆ.

2005ರ ಜೂನ್. ಆರನೇ ತರಗತಿ. ಹಾಡಿಯಿಂದ, ಅಂದರೆ ಬುಡಕಟ್ಟು ಜನರ ಕೇರಿಯಿಂದ, ಬರುತ್ತಿದ್ದ ಒಬ್ಬ ಹುಡುಗ ಪಕ್ಕದಲ್ಲಿದ್ದ ತನ್ನ ಚಿಕ್ಕಪ್ಪನ ಮಗನ ಜೊತೆ ಜೇನು ಕುರುಬರ ಮಾತಿನಲ್ಲಿ ಪಿಸುಗುಡುತ್ತಿದ್ದ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ನನ್ನ ಬಗ್ಗೆಯೇ ಏನೋ ಹೇಳುತ್ತಿದ್ದಾನೆ ಅಂದುಕೊಂಡೆ. ಹೆಸರು ಬರೆದು ಮೂರು ಪ್ಲಸ್ ಹಾಕಿದೆ. ಮೂರು ಏಟು ಬಿತ್ತು. ಮಾರನೇ ದಿನದಿಂದ ಅಣ್ಣತಮ್ಮ ಇಬ್ಬರೂ ಶಾಲೆಗೆ ಬರಲಿಲ್ಲ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಸಾಕು.

ಅದೇ ತಿಂಗಳ ಕೊನೆಗೆ ನಮ್ಮ ಶಾಲೆಗೆ ಹೊಸ ಮೇಷ್ಟ್ರು ವರ್ಗವಾಗಿ ಬಂದರು. ತಮ್ಮ ಹೆಸರು ಹಾಕಬೇಡ ಅಂತ ಅವರೂ ಹೇಳಿದ್ದಾರೆ, ಹಾಕುವುದಿಲ್ಲ. ಹಾಜರಿ ತೆಗೆದುಕೊಳ್ಳುವಾಗ ಇವರಿಬ್ಬರು ಯಾಕೆ ಬರುತ್ತಿಲ್ಲ ಎಂದು ಕೇಳಿದರು. ಯಾರೋ ನನ್ನ ಕಡೆ ನೋಡಿದರು. ನಾನೇ ಎದ್ದು ಹೇಳಿದೆ. ಅವರು ಬೈಯಲಿಲ್ಲ.

“ಅವನು ಏನು ಮಾತಾಡ್ತಿದ್ದ ಅಂತ ಕೇಳಿದ್ಯೇನಮ್ಮ?”

“ಇಲ್ಲ ಸಾರ್.”

ಭಾನುವಾರ ಅವರು ಹಾಡಿಗೆ ನಡೆದುಕೊಂಡೇ ಹೋದರು. ನಾನೂ ಬರ್ತೀನಿ ಎಂದೆ. ಅಪ್ಪನೂ ಜೊತೆಗೆ ಬಂದರು. ಹುಡುಗರ ಅಪ್ಪ ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದರು, ಮನೆಯಲ್ಲಿ ಅಜ್ಜಿ ಒಬ್ಬರೇ. ಮೇಷ್ಟ್ರು ಜಗಲಿಯ ಮೇಲೆ ಕೂತು ಅಜ್ಜಿಯ ಹತ್ತಿರ ಮಳೆ ಬೆಳೆ ಎಲ್ಲಾ ಮಾತಾಡಿದರು. ಶಾಲೆಗೆ ಕಳಿಸಿ ಅಂತ ಒಂದು ಮಾತೂ ಹೇಳಲಿಲ್ಲ. ಹೊರಡುವಾಗ ಮಾತ್ರ, “ನಮ್ಮ ಕಡೆಯಿಂದ ತಪ್ಪಾಗಿದೆ ಅಜ್ಜಿ” ಎಂದರು. ಮೇಷ್ಟ್ರು ಒಬ್ಬರು ತಪ್ಪಾಯಿತು ಅನ್ನುವುದನ್ನು ನಾನು ಮೊದಲ ಸಲ ಕೇಳಿದ್ದು ಅಲ್ಲೇ. ಬುಧವಾರ ಇಬ್ಬರೂ ಬಂದರು.

ಆ ವಾರದಿಂದ ಶನಿವಾರದ ಸಭೆ ಶುರುವಾಯಿತು. ಪ್ರಾರ್ಥನೆ ಮುಗಿದ ಮೇಲೆ ಹೊಂಗೆ ಮರದ ಕೆಳಗೆ ಎಲ್ಲರೂ ಸುತ್ತಲೂ ಕೂರುವುದು. ಮೇಷ್ಟ್ರೂ ನೆಲದ ಮೇಲೆಯೇ. ನಡುವೆ ಬೋರ್ಡ್ ಒರೆಸುವ ಡಸ್ಟರ್. ಅದು ಯಾರ ಕೈಯಲ್ಲಿದೆಯೋ ಅವರದ್ದೇ ಮಾತು, ಉಳಿದವರು ಕೇಳಬೇಕು. ಉತ್ತರ ಕೊಡುವವರು ಸುಮ್ನೆ ಶುರು ಮಾಡುವ ಹಾಗಿಲ್ಲ. ಮುಂಚೆ ಮಾತಾಡಿದವರು ಏನು ಹೇಳಿದರು ಅಂತ ಮೊದಲು ಹೇಳಬೇಕು. “ಹೂಂ, ನಾನು ಹೇಳಿದ್ದು ಇದೇ” ಅಂತ ಅವರು ಒಪ್ಪಿದ ಮೇಲೆ ನಮ್ಮ ಮಾತು. ಕೇಳಲು ಸುಲಭ ಅನ್ನಿಸುತ್ತೆ, ಅಲ್ವಾ? ಮನೆಯಲ್ಲಿ ಒಂದ್ಸಲ ಮಾಡಿ ನೋಡಿ. ಎಷ್ಟೋ ಜಗಳಗಳು ನಮ್ಮಲ್ಲಿ ಈ ಮೊದಲ ಭಾಗದಲ್ಲೇ ಮುಗಿದುಹೋಗುತ್ತಿದ್ದವು.

ಎರಡು ಶನಿವಾರ ಆ ಹಾಡಿಯ ಹುಡುಗ ಡಸ್ಟರ್ ಮುಟ್ಟಲಿಲ್ಲ. ಮೇಷ್ಟ್ರು ಒತ್ತಾಯ ಮಾಡಲಿಲ್ಲ. ಮೂರನೇ ವಾರ ತೆಗೆದುಕೊಂಡ. ತುಂಬಾ ಹೊತ್ತು ಅದರ ಬಟ್ಟೆಯನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದ. ಯಾರೂ ಕೆಮ್ಮಲೂ ಇಲ್ಲ. ಆಮೇಲೆ ಹೇಳಿದ.

“ತಮ್ಮನಿಗೆ ಭಾಗಾಕಾರ ಹೇಳಿಕೊಡ್ತಿದ್ದೆ. ಅವಳು ಕೇಳ್ಲಿಲ್ಲ.”

ಡಸ್ಟರ್ ನನ್ನ ಕೈಗೆ ಬಂತು. “ನೀನು ತಮ್ಮನಿಗೆ ಭಾಗಾಕಾರ ಹೇಳಿಕೊಡ್ತಿದ್ದೆ. ನಾನು ಕೇಳ್ಲಿಲ್ಲ” ಎಂದೆ.

“ಹೂಂ” ಎಂದ.

ಅಷ್ಟೇ. ನನಗೆ ಶಿಕ್ಷೆ ಏನೂ ಆಗಲಿಲ್ಲ. ಬೋರ್ಡಿನ ಆ ಮೂಲೆಯನ್ನು ಮಾತ್ರ ಅವತ್ತು ಒದ್ದೆ ಬಟ್ಟೆಯಿಂದ ಒರೆಸಿ, ಇನ್ನು ಮೇಲೆ ಇಲ್ಲಿ ದಿನಾ ಒಂದು ಹೊಸ ಪದ ಬರೆಯೋಣ ಅಂತ ನಾವೇ ತೀರ್ಮಾನ ಮಾಡಿದೆವು. ವಾರಕ್ಕೊಂದು ಪದ ಜೇನು ಕುರುಬ ಮಾತಿನದ್ದು.

ಆ ವರ್ಷ ಆಗಸ್ಟ್ 6 ಶನಿವಾರವೇ ಬಂದಿತ್ತು. ಹಿರೋಶಿಮಾದ ಮೇಲೆ ಬಾಂಬು ಬಿದ್ದು 60 ವರ್ಷ. ಮೇಷ್ಟ್ರು ಸಡಾಕೊ ಸಸಾಕಿಯ ಕಥೆ ಹೇಳಿದರು. ಬಾಂಬು ಬಿದ್ದಾಗ ಅವಳಿಗೆ ಎರಡು ವರ್ಷ. ಬೆಳೆದ ಮೇಲೆ ರಕ್ತದ ಕ್ಯಾನ್ಸರ್ ಬಂತು. ಸಾವಿರ ಕಾಗದದ ಕೊಕ್ಕರೆ ಮಡಿಸಿದರೆ ಅಂದುಕೊಂಡದ್ದು ನಡೆಯುತ್ತೆ ಅಂತ ಅವರಲ್ಲಿ ನಂಬಿಕೆ. ಆಸ್ಪತ್ರೆಯಲ್ಲಿ ಔಷಧಿ ಸುತ್ತಿದ ಕಾಗದವನ್ನೂ ಬಿಡದೆ ಮಡಿಸಿದಳಂತೆ. 1955ರ ಅಕ್ಟೋಬರ್‌ನಲ್ಲಿ ಹೋಗಿಬಿಟ್ಟಳು, ಹನ್ನೆರಡೇ ವರ್ಷಕ್ಕೆ. ಅವಳ ಜೊತೆ ಓದುತ್ತಿದ್ದವರು ಹಣ ಸೇರಿಸಲು ಹೊರಟರು, ಜಪಾನಿನ ಶಾಲೆ ಶಾಲೆಗಳಿಂದ ಮಕ್ಕಳು ಕೊಟ್ಟರು, 1958ರಲ್ಲಿ ಅಲ್ಲೊಂದು ಸ್ಮಾರಕ ಎದ್ದಿತು. ನಾವೂ ಹಳೆಯ ನೋಟ್ಸಿನ ಹಾಳೆಗಳಲ್ಲಿ ಕೊಕ್ಕರೆ ಮಡಿಸಿದೆವು. ನನಗೆ ಕೊಕ್ಕು ಮಡಿಸಲು ಬರಲೇ ಇಲ್ಲ. ಆ ಹುಡುಗ ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಮಡಿಸಿ ತೋರಿಸಿ, ಮತ್ತೆ ಬಿಚ್ಚಿ, ನೀನೇ ಮಾಡು ಅಂತ ನನಗೇ ಕೊಟ್ಟ.

ಮುಂದಿನ ವರ್ಷ, ನಾನು ಏಳನೇ ತರಗತಿಯಲ್ಲಿದ್ದಾಗ, ನಮ್ಮ ಪಂಚಾಯ್ತಿಯಲ್ಲಿ ಮೊದಲ ಸಲ ಮಕ್ಕಳ ಗ್ರಾಮಸಭೆ ಆಯಿತು. ಏನು ಹೇಳಬೇಕು ಅಂತ ಶನಿವಾರದ ಸಭೆಯಲ್ಲಿ ಮಾತಾಡಿಕೊಂಡೆವು. ಹುಡುಗಿಯರ ಶೌಚಾಲಯಕ್ಕೆ ಯಾವಾಗಲೂ ಬೀಗ. ಬೀಗದ ಕೈ ಆಫೀಸ್ ರೂಮಿನಲ್ಲಿ. ಅಲ್ಲಿ ಹೋಗಿ ಗಂಡು ಮೇಷ್ಟ್ರುಗಳ ಮುಂದೆ ಕೇಳಲು ನಾಚಿಕೆ. ಹಾಗಾಗಿ ನಮ್ಮಲ್ಲಿ ಅರ್ಧ ಜನ ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಇದನ್ನು ಕೇಳಿ ನಮ್ಮ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಾದರು. ಇಷ್ಟು ದಿನ ನನಗೆ ಇದು ತೋಚಲೇ ಇಲ್ಲವಲ್ಲ ಎಂದರು. ಅವತ್ತೇ ನಮ್ಮ ತರಗತಿಯ ಬಾಗಿಲ ಹಿಂದೆ ಒಂದು ಮೊಳೆ ಹೊಡೆದು ಕೀ ತೂಗುಹಾಕಿದರು. ಶೌಚಾಲಯಕ್ಕೆ ಬೇಕಿದ್ದ ನೀರಿನ ಪೈಪಿನ ವಿಷಯ ಮಾತ್ರ ಗ್ರಾಮಸಭೆಗೆ ಹೋಯಿತು. ಮೈಕ್ ಹಿಡಿದು ಕೇಳಿದವಳು ನಾನು. ಅಧ್ಯಕ್ಷರು ಮಾಡಿಸಿಕೊಡೋಣ ಎಂದರು. ಮಾಡಿಸಲು ಎಂಟು ತಿಂಗಳಾಯಿತು. ಅಷ್ಟರಲ್ಲಿ ಮೂರು ಸಲ ನಾವೇ ಪತ್ರ ಬರೆದೆವು, ಮೂರು ಸಲವೂ ಮೇಷ್ಟ್ರು ಒಂದಕ್ಷರ ತಿದ್ದಲಿಲ್ಲ.

ಇವತ್ತು ನಾನು ಬಂಡೀಪುರದ ಕಾಡಂಚಿನ ಒಂದು ಪಂಚಾಯ್ತಿಯಲ್ಲಿ ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕು ಮಗುವಿಗಿದೆ ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಅದು 1989ರದ್ದು, ಭಾರತ ಒಪ್ಪಿದ್ದು 1992ರಲ್ಲಿ. ಶಾಲೆಯಲ್ಲಿ ಮಗುವಿಗೆ ಹೊಡೆಯಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಆ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ನಮ್ಮ ಮೇಷ್ಟ್ರು ಅದಕ್ಕೆ ಕಾಯಲಿಲ್ಲ. ಕಾಯ್ದೆ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಾಡಿಯ ಜಗಲಿಗೆ ನಡೆದುಕೊಂಡು ಹೋಗುವವರೊಬ್ಬರು ಶಾಲೆಯಲ್ಲಿ ಇರಬೇಕು.

ಹೋದ ನವೆಂಬರ್‌ನಲ್ಲಿ ನಮ್ಮಲ್ಲಿ ಮಕ್ಕಳ ಗ್ರಾಮಸಭೆ ನಡೆಯಿತು. ಐದನೇ ತರಗತಿಯ ಒಂದು ಹುಡುಗಿ ಎದ್ದಳು. ಸಂಜೆ ಕತ್ತಲಾಗುತ್ತೆ, ದಾರಿಯಲ್ಲಿ ಆನೆ ಬರುತ್ತೆ, ಎಂದಳು. ಇನ್ನೂ ಏನೋ ಮೆಲ್ಲಗೆ ಹೇಳುತ್ತಿದ್ದಳು. ವೇದಿಕೆಯ ಮೇಲಿದ್ದ ಅಧಿಕಾರಿಯೊಬ್ಬರು ಆಗಲೇ ಉತ್ತರ ಶುರು ಮಾಡಿದ್ದರು.

“ಒಂದು ನಿಮಿಷ ಸಾರ್,” ಎಂದೆ. “ಅವಳು ಏನು ಕೇಳಿದಳು ಅಂತ ಮೊದಲು ನೀವು ಹೇಳಿ.”

“ಬೀದಿ ದೀಪ ಬೇಕಂತೆ” ಎಂದರು.

ಹುಡುಗಿ ತಲೆ ಅಲ್ಲಾಡಿಸಿದಳು. ಮೈಕನ್ನು ಮತ್ತೆ ಅವಳ ಕೈಗೆ ಕೊಟ್ಟೆ.

“ದೀಪ ಹಾಕಿದ್ರೂ ಆನೆ ಬರುತ್ತೆ. ಚಳಿಗಾಲದಲ್ಲಿ ಶಾಲೆ ಅರ್ಧ ಗಂಟೆ ಮೊದ್ಲೇ ಬಿಡ್ಲಿ.”

ಅವರು ಕನ್ನಡಕ ತೆಗೆದರು. “ಚಳಿಗಾಲದಲ್ಲಿ ಶಾಲೆ ಅರ್ಧ ಗಂಟೆ ಮೊದಲೇ ಬಿಡಬೇಕು. ಇದೇ ತಾನೇ ಮಗಳೇ?”

“ಹೂಂ” ಎಂದಳು. ನಾನು ನಡಾವಳಿ ಪುಸ್ತಕ ತೆಗೆದು ಅವಳ ಮಾತನ್ನು ಅವಳು ಹೇಳಿದ ಹಾಗೇ ಬರೆದುಕೊಂಡೆ.