ಹೀಲಾ ಕೋಶಗಳಿಗೆ ನಿಜಕ್ಕೂ ಸಾವಿಲ್ಲವೇ?

"1951ರಲ್ಲಿ ತೀರಿಕೊಂಡ ಮಹಿಳೆಯ ಜೀವಕೋಶಗಳು ಇನ್ನೂ ಲ್ಯಾಬುಗಳಲ್ಲಿ ಬದುಕಿವೆಯಂತೆ. ಅವು ಸಾಯುವುದೇ ಇಲ್ಲವೇ?" ಆ ಮಹಿಳೆ ಹೆನ್ರಿಯೆಟ್ಟಾ ಲ್ಯಾಕ್ಸ್, ಆ ಕೋಶಗಳೇ ಹೀಲಾ. ಹೀಲಾ ಹೆಸರು ಬಂದಲ್ಲೆಲ್ಲ ಈ ಪ್ರಶ್ನೆಯೂ ಬರುತ್ತದೆ.

ಸಾಯುತ್ತವೆ, ಅದೂ ಸುಲಭವಾಗಿ. ಕೋಶಗಳನ್ನು ಬೆಳೆಸುವ ಪೋಷಕ ದ್ರವವನ್ನು (ಮೀಡಿಯಾ) ಬದಲಿಸದೆ ಬಹಳ ದಿನ ಬಿಟ್ಟರೆ ಕೆಂಪು ದ್ರವ ಹಳದಿಗೆ ತಿರುಗುತ್ತದೆ, ಕೋಶಗಳು ತಳಬಿಟ್ಟು ತೇಲುತ್ತವೆ. ಒಂದೊಂದು ಕೋಶಕ್ಕೂ ಸಾವಿದೆ. ವಂಶಕ್ಕೆ ಮಾತ್ರ ಕೊನೆ ಕಂಡಿಲ್ಲ.

ಚರ್ಮದಂಥ ಮಾಮೂಲಿ ಅಂಗಾಂಶದ ಕೋಶಗಳು ಲ್ಯಾಬಿನ ಫ್ಲಾಸ್ಕಿನಲ್ಲಿ ಸುಮಾರು 40ರಿಂದ 60 ಸಲ ಇಮ್ಮಡಿಯಾಗಿ ನಿಂತುಬಿಡುತ್ತವೆ. ಇದನ್ನು 1961ರಲ್ಲಿ ತೋರಿಸಿದವರು ವಿಜ್ಞಾನಿಗಳಾದ ಹೇಫ್ಲಿಕ್ ಮತ್ತು ಮೂರ್‌ಹೆಡ್. ಪ್ರತಿ ವಿಭಜನೆಯಲ್ಲೂ ಕ್ರೋಮೋಸೋಮಿನ ತುದಿಯ ಟೆಲೊಮಿಯರ್ ಸವೆಯುವುದೇ ಇದಕ್ಕೆ ಮುಖ್ಯ ಕಾರಣ. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅವರನ್ನು ಕೇಳದೆಯೇ ತೆಗೆದುಕೊಂಡ ಗರ್ಭಕಂಠದ ಕ್ಯಾನ್ಸರ್ ಗಡ್ಡೆಯ ಕೋಶಗಳಲ್ಲಿ, ಆ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ-18 ವೈರಸ್ಸಿನ ಜೀನುಗಳು ಸೇರಿಕೊಂಡಿದ್ದವು. ವೈರಸ್ಸಿನ ಇ6 ಪ್ರೋಟೀನು ಅಂಕೆಯಿಲ್ಲದ ವಿಭಜನೆಯನ್ನು ತಡೆಯುವ ಪಿ53 ಎಂಬ ಕಾವಲುಗಾರನನ್ನು ನಾಶಮಾಡುತ್ತದೆ, ಇ7 ಇನ್ನೊಂದು ಕಾವಲನ್ನು ಕಟ್ಟಿಹಾಕುತ್ತದೆ. ಟೆಲೊಮರೇಸ್ ಕಿಣ್ವ ಸವೆದ ತುದಿಯನ್ನು ಮತ್ತೆ ಕಟ್ಟುತ್ತದೆ. ಹೀಗಾಗಿ ಹೀಲಾ ಸುಮಾರು 24 ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ. ಹಾಗೆಂದು ಇದನ್ನು ಮಾಮೂಲಿ ಮನುಷ್ಯಕೋಶವೆಂದು ನೋಡಬಾರದು: 46ರ ಬದಲು ಇದರಲ್ಲಿ 76-80 ಕ್ರೋಮೋಸೋಮುಗಳಿವೆ.

ಉಪಯೋಗ ಮೊದಲು ಕಂಡದ್ದು ಪೋಲಿಯೊದಲ್ಲಿ. ಲಸಿಕೆ ಫಲಿಸಿದೆಯೇ ಎಂದು ತಿಳಿಯಲು, ಲಸಿಕೆ ಪಡೆದ ಮಗುವಿನ ಸೀರಮ್ಮನ್ನು (ರಕ್ತದ ತಿಳಿ ದ್ರವ) ವೈರಸ್ ಜೊತೆ ಬೆರೆಸಿ ಕೋಶಗಳ ಮೇಲೆ ಹಾಕಬೇಕು. ಕೋಶ ಉಳಿದರೆ ಪ್ರತಿಕಾಯ ಹುಟ್ಟಿದೆ, ಸತ್ತರೆ ಇಲ್ಲ. ಮಂಗಗಳ ಕೋಶಕ್ಕೆ ಖರ್ಚು ಹೆಚ್ಚು. ಹೀಲಾಗೆ ಪೋಲಿಯೊ ಚೆನ್ನಾಗಿ ತಗಲುತ್ತದೆ. 1954ರ ಸಾಲ್ಕ್ ಪೋಲಿಯೊ ಲಸಿಕೆಯ ಪ್ರಯೋಗಕ್ಕೆ ಬೇಕಾದ ಹೀಲಾ ಕೋಶಗಳನ್ನು ಅಮೆರಿಕದ ಅಲಬಾಮದ ಟಸ್ಕೀಗಿಯಲ್ಲಿ ಬೆಳೆಸಿ ಕಳಿಸಿದರು. 1984ರಲ್ಲಿ ವಿಜ್ಞಾನಿ ತ್ಸುರ್ ಹೌಸೆನ್ ಅವರ ತಂಡ ಇದೇ ಕೋಶಗಳಲ್ಲೂ ಎಚ್‌ಪಿವಿ-18 ಕಂಡಿತು. ಇಂದಿನ ಎಚ್‌ಪಿವಿ ಲಸಿಕೆಯ ದಾರಿ ತೆರೆದದ್ದು ಆ ಕೆಲಸ, ಆದರೆ ಲಸಿಕೆಯೊಳಗೆ ಹೀಲಾ ಇಲ್ಲ. ರುಬೆಲ್ಲಾ ಲಸಿಕೆಗೆ ಬಳಸಿದ ಡಬ್ಲ್ಯುಐ-38 ಕೋಶಗಳನ್ನೂ ಜನ ಸಾವಿಲ್ಲದ ಕೋಶಗಳ ಪಟ್ಟಿಗೆ ಸೇರಿಸುತ್ತಾರೆ; ಅವು ಅಮರವಲ್ಲ, ಮುಪ್ಪಾಗಿ ನಿಲ್ಲುತ್ತವೆ.

ಸಾಕುವುದು ಹೀಗೆ: 37 ಡಿಗ್ರಿ, 5% ಕಾರ್ಬನ್ ಡೈ ಆಕ್ಸೈಡ್, 10% ಸೀರಮ್ ಇರುವ ಮೀಡಿಯಾ. ಫ್ಲಾಸ್ಕಿನ ತಳ 70-80% ತುಂಬಿದಾಗ ಉಪ್ಪಿನ ದ್ರಾವಣದಿಂದ ತೊಳೆದು ತಳಕ್ಕೆ ಅಂಟಿದ ಕೋಶಗಳನ್ನು ಬಿಡಿಸುವ ಕಿಣ್ವವಾದ ಟ್ರಿಪ್ಸಿನ್ (0.25%) ಹಾಕಬೇಕು. ಸೀರಮ್ ಉಳಿದರೆ ಟ್ರಿಪ್ಸಿನ್ ಕೆಲಸ ಮಾಡದು. ಕೋಶ ಏಳಲಿಲ್ಲವೆಂದು ಗೊಣಗುವವರಲ್ಲಿ ಬಹುಪಾಲು ಇಲ್ಲೇ ಎಡವಿರುತ್ತಾರೆ. ಕೂಡಿಡಲು, ಹೆಪ್ಪುಗಟ್ಟುವಾಗ ಕೋಶವನ್ನು ಕಾಪಾಡುವ ಡಿಎಂಎಸ್‌ಒ ಎಂಬ ದ್ರವವನ್ನು 10% ಸೇರಿಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸಿ, ದ್ರವ ಸಾರಜನಕಕ್ಕೆ. ತಣಿಸುವುದು ನಿಧಾನ, ಕರಗಿಸುವುದು ಬೇಗ.

ಇದರ ಬಲವೇ ಇದರ ಕೇಡು. ಒಂದು ಹನಿ ಬೇರೆ ಫ್ಲಾಸ್ಕಿಗೆ ಬಿದ್ದರೆ ಕೆಲವೇ ವಾರಗಳಲ್ಲಿ ಅಲ್ಲಿರುವುದು ಹೀಲಾ ಮಾತ್ರ, ಲೇಬಲ್ ಮಾತ್ರ ಹಳೆಯದು. 1966ರಲ್ಲಿ ತಳಿವಿಜ್ಞಾನಿ ಗಾರ್ಟ್ಲರ್ ಒಂದು ಕಿಣ್ವದ ಗುರುತು ಹಿಡಿದು, ಬೇರೆ ಬೇರೆ ಅಂಗಾಂಶದವೆಂದು ನಂಬಿದ್ದ ಹಲವು ಸೆಲ್ ಲೈನುಗಳು (ಲ್ಯಾಬಿನಲ್ಲಿ ಬೆಳೆಸಿದ ಕೋಶವಂಶಗಳು) ಹೀಲಾ ಎಂದು ತೋರಿಸಿದಾಗ ಅವುಗಳ ಮೇಲಿನ ಎಷ್ಟೋ ಸಂಶೋಧನೆ ಅನುಮಾನಕ್ಕೊಳಗಾಯಿತು. ಈಗ ಎಸ್‌ಟಿಆರ್ ಎಂಬ, ಬೆರಳಚ್ಚಿನಂಥ ಡಿಎನ್‌ಎ ಪರೀಕ್ಷೆಯಿಂದ ಗುರುತು ಖಚಿತಪಡಿಸುತ್ತಾರೆ. ಒಂದೇ ಹುಡ್‌ನಲ್ಲಿ (ಶುದ್ಧ ಗಾಳಿ ಹಾಯುವ ಕೆಲಸದ ಪೆಟ್ಟಿಗೆ) ಎರಡು ಲೈನು ಒಟ್ಟಿಗೆ ತೆರೆಯಬೇಡಿ, ಮೀಡಿಯಾ ಬಾಟಲಿ ಬೇರೆ ಬೇರೆ ಇಡಿ, ಹೀಲಾ ಫ್ಲಾಸ್ಕನ್ನು ದಿನದ ಕೊನೆಗೆ ತೆರೆಯಿರಿ.