ಯಾವ ವಿಧಿ ಅಂತ ದಯವಿಟ್ಟು ತಿಳಿಸಿ

ಸಿಂಗಾಪುರದ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ಕರಾರು ಪತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾನು ವಕೀಲಳಲ್ಲ. ಕಾಮರ್ಸ್ ಓದಿ, ಮಾರಾಟದ ವಿಭಾಗದಲ್ಲಿದ್ದು, ಅಲ್ಲಿಂದ ಈ ಕಡೆಗೆ ಜಾರಿದವಳು. ಗೋದಾಮಿನಲ್ಲಿ ಯಾವ ಸರಕು ಎಲ್ಲಿದೆ, ಎಷ್ಟಿದೆ ಅಂತ ಲೆಕ್ಕ ಇಡುವ ಸಾಫ್ಟ್‌ವೇರ್ ನಮ್ಮದು. ಈ ಊರಿನ ಗಿರಾಕಿಗಳನ್ನೇ ನಂಬಿ ಕೂತರೆ ನಡೆಯುವುದಿಲ್ಲ, ಹೊರಗಡೆ ಮಾರಲೇಬೇಕು.

2022ರಲ್ಲಿ ನ್ಯೂಜಿಲೆಂಡಿನ ಒಂದು ಕಂಪನಿ ಬಂತು. ನಮ್ಮ ಮಟ್ಟಿಗೆ ದೊಡ್ಡ ಗಿರಾಕಿ. ಬೆಲೆಯ ಮಾತು ಮುಗಿದಿತ್ತು, ಸಹಿಯ ದಿನವೂ ಗೊತ್ತಾಗಿತ್ತು. ಆಗ ಅವರ ಕಡೆಯಿಂದ ಒಂದು ಹೊಸ ಷರತ್ತು ಬಂತು. ಸೋರ್ಸ್ ಕೋಡ್‌ನ, ಅಂದರೆ ಎಂಜಿನಿಯರುಗಳು ಸಾಫ್ಟ್‌ವೇರನ್ನು ಬರೆದ ಮೂಲ ಸಾಲುಗಳ, ಒಂದು ಪ್ರತಿ ತಮ್ಮ ಹತ್ತಿರ ಇರಬೇಕಂತೆ. ನಾಳೆ ನೀವು ಬಾಗಿಲು ಹಾಕಿಕೊಂಡು ಹೋದರೆ ನಮ್ಮ ಗೋದಾಮಿನ ಗತಿ ಏನು ಅಂತ ಅವರ ಪ್ರಶ್ನೆ.

ನಮ್ಮ ಬಾಸ್ ಮುಖ ಸಪ್ಪಗಾಯಿತು. ಕೋಡ್ ಕೊಟ್ಟರೆ ಕಂಪನಿಯನ್ನೇ ಕೊಟ್ಟ ಹಾಗೆ. ಆದರೆ ನನಗೆ ಒಳಗೊಳಗೇ ಖುಷಿ. ಕೊನೆಗೂ ನನ್ನ ಓದು ಕೆಲಸಕ್ಕೆ ಬಂತು ಅಂದುಕೊಂಡೆ. "ಹಾಗೆ ಕೇಳೋ ಹಾಗೇ ಇಲ್ಲ. ಎರಡು ದೇಶಗಳ ನಡುವೆ ಡಿಜಿಟಲ್ ಒಪ್ಪಂದ ಇದೆ, ಅದರಲ್ಲಿ ಸೋರ್ಸ್ ಕೋಡ್ ಕೇಳಬಾರದು ಅಂತ ಬರೆದಿದೆ" ಅಂತ ಬಾಸ್‌ಗೆ ಹೇಳಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದನ್ನೇ ಸ್ವಲ್ಪ ಗತ್ತಿನಲ್ಲಿ ಮೇಲ್ ಬರೆದು ಕಳಿಸಿಯೂ ಬಿಟ್ಟೆ.

ಮರುದಿನ ಅವರ ವಕೀಲರಿಂದ ಒಂದೇ ಸಾಲಿನ ಉತ್ತರ ಬಂತು. ಯಾವ ವಿಧಿ ಅಂತ ದಯವಿಟ್ಟು ತಿಳಿಸಿ.

ನನಗೆ ಆ ಧೈರ್ಯ ಎಲ್ಲಿಂದ ಬಂದಿತ್ತು ಅಂತ ಹೇಳಬೇಕು. ಸಿಂಗಾಪುರ ಸುಮಾರು 730 ಚದರ ಕಿಲೋಮೀಟರಿನ ದೇಶ. ಗಣಿ ಇಲ್ಲ, ಹೇಳಿಕೊಳ್ಳುವಂಥ ಬೇಸಾಯ ಇಲ್ಲ. ವ್ಯಾಪಾರವೇ ಇದರ ಹೊಲ. ದೊಡ್ಡ ದೇಶಗಳು ನಿಯಮ ಮಾಡುವವರೆಗೆ ಕಾಯುತ್ತಾ ಕೂತರೆ ತನ್ನ ಮಾತಿಗೆ ಜಾಗ ಇರುವುದಿಲ್ಲ ಅಂತ ಇಲ್ಲಿನ ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಹಾಗಾಗಿ ಇದು ತಾನೇ ಮುಂದೆ ಬಿದ್ದು ಒಪ್ಪಂದ ಮಾಡಿಕೊಳ್ಳುತ್ತದೆ. 2020ರ ಜೂನ್ 12ರಂದು ಚಿಲಿ, ನ್ಯೂಜಿಲೆಂಡ್, ಸಿಂಗಾಪುರ ಮೂರೂ ಸೇರಿ ಡೆಪಾ ಅನ್ನುವ ಡಿಜಿಟಲ್ ಒಪ್ಪಂದಕ್ಕೆ ಸಹಿ ಹಾಕಿದವು. ಕೊರೊನಾ ಕಾಲ, ಸಹಿಯ ಕಾರ್ಯಕ್ರಮವೂ ಆನ್‌ಲೈನಿನಲ್ಲೇ ನಡೆಯಿತು. ಅದೇ ಆಗಸ್ಟಿನಲ್ಲಿ ಆಸ್ಟ್ರೇಲಿಯಾ ಜೊತೆ ಇನ್ನೊಂದು. 2022ರ ಫೆಬ್ರವರಿಯಲ್ಲಿ ಬ್ರಿಟನ್ ಜೊತೆ ಮತ್ತೊಂದು. ಆ ದಿನಗಳಲ್ಲಿ ಇವುಗಳ ಬಗ್ಗೆ ಮಾಹಿತಿ ಸಭೆ ಆಗಾಗ ನಡೆಯುತ್ತಿತ್ತು. ನಾನೂ ಹೋಗುತ್ತಿದ್ದೆ, ಪುಟಗಟ್ಟಲೆ ಬರೆದುಕೊಳ್ಳುತ್ತಿದ್ದೆ. ಸೋರ್ಸ್ ಕೋಡ್ ವಿಷಯ ಕೇಳಿದ್ದು ಆಸ್ಟ್ರೇಲಿಯಾ ಸಭೆಯಲ್ಲಿ. ತಲೆಯಲ್ಲಿ ಮಾತ್ರ ಎಲ್ಲ ಒಪ್ಪಂದಗಳೂ ಕಲಸಿಹೋಗಿದ್ದವು.

ಅವತ್ತು ರಾತ್ರಿ ಡೆಪಾವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಎಲೆಕ್ಟ್ರಾನಿಕ್ ಬಿಲ್ಲು ಇದೆ. ಕಾಗದವಿಲ್ಲದ ವ್ಯಾಪಾರ ಇದೆ. ಡಿಜಿಟಲ್ ಗುರುತು, ಕೃತಕ ಬುದ್ಧಿಮತ್ತೆ ಇವೆ. ಕಾಪಿರೈಟ್ ಮುಗಿದು ಎಲ್ಲರ ಸೊತ್ತಾದ ಕೃತಿಗಳ ಬಗ್ಗೆಯೂ ಒಂದು ವಿಧಿ ಇದೆ. ಗೂಢಲಿಪಿ ಬಳಸುವ ಸರಕು ಮಾರಲು ಬಂದವರ ಹತ್ತಿರ ಅದರ ಕೀಲಿ ಕೇಳಬಾರದು ಅಂತಲೂ ಇದೆ. ಸೋರ್ಸ್ ಕೋಡ್ ಬಗ್ಗೆ ಒಂದು ವಿಧಿಯೂ ಇಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಆ ಪದವನ್ನು ಮೂರು ಸಲ ಹಾಕಿ ನೋಡಿದೆ, ಕಾಗುಣಿತ ತಪ್ಪಿರಬಹುದು ಅನ್ನುವ ಆಸೆಯಿಂದ.

ಆಮೇಲೆ ಸಿಪಿಟಿಪಿಪಿ ನೆನಪಾಯಿತು. 2018ರಲ್ಲಿ 11 ದೇಶಗಳು ಸಹಿ ಹಾಕಿದ ದೊಡ್ಡ ವ್ಯಾಪಾರ ಒಪ್ಪಂದ ಅದು. ಸಿಂಗಾಪುರ, ನ್ಯೂಜಿಲೆಂಡ್ ಎರಡೂ ಅದರಲ್ಲಿವೆ. 14.17ನೇ ವಿಧಿ ತೆಗೆದೆ. ಸಿಕ್ಕಿತು! ಇನ್ನೊಂದು ದೇಶದವರ ಸಾಫ್ಟ್‌ವೇರ್ ತಮ್ಮಲ್ಲಿ ಮಾರಲು ಬಿಡಬೇಕಾದರೆ ಸೋರ್ಸ್ ಕೋಡ್ ಕೊಡಲೇಬೇಕು ಅಂತ ಯಾವ ಸದಸ್ಯ ದೇಶವೂ ಷರತ್ತು ಹಾಕಬಾರದು. ಆಗಲೇ ಮೇಲ್ ಬರೆಯಲು ಕೂತೆ. ಪುಣ್ಯಕ್ಕೆ, ಕಳಿಸುವ ಮುಂಚೆ ಕೆಳಗಿನ ಸಾಲುಗಳನ್ನೂ ಓದಿದೆ. ಈ ವಿಧಿ ಎಲ್ಲರಿಗೂ ಒಂದೇ ರೀತಿ ಮಾರುವ ಸಾಫ್ಟ್‌ವೇರ್‌ಗೆ ಮಾತ್ರ ಅನ್ವಯ. ನಮ್ಮದೋ, ಗಿರಾಕಿಗೆ ತಕ್ಕಂತೆ ಕತ್ತರಿಸಿ ಹೊಲಿದದ್ದು. ಅದರ ಕೆಳಗೆ ಇನ್ನೂ ಸ್ಪಷ್ಟವಾಗಿತ್ತು. ವ್ಯಾಪಾರಿಗಳು ತಮ್ಮತಮ್ಮಲ್ಲಿ ಮಾತಾಡಿ ಮಾಡಿಕೊಂಡ ಕರಾರಿನಲ್ಲಿ ಸೋರ್ಸ್ ಕೋಡ್ ಷರತ್ತು ಇರುವುದಕ್ಕೆ ಈ ವಿಧಿಯ ಅಡ್ಡಿ ಇಲ್ಲ.

ಬೆಳಿಗ್ಗೆ ನಮ್ಮ ವಕೀಲೆಗೆ ಫೋನ್ ಮಾಡಿದೆ. ಅವರು ವಾರಕ್ಕೆ ಒಂದೇ ದಿನ ನಮಗಾಗಿ ಕೆಲಸ ಮಾಡುವವರು, ಅದಕ್ಕೇ ನಾನು ಅವರನ್ನು ಕೇಳದೆ ಮೇಲ್ ಕಳಿಸಿದ್ದು. ಅವರು ನಗಲಿಲ್ಲ, ಅದೊಂದು ಉಪಕಾರ. "ನೋಡಿ, ಈ ಒಪ್ಪಂದ ಸರ್ಕಾರದ ಕೈ ಕಟ್ಟುತ್ತೆ. ಗಿರಾಕಿಯ ಬಾಯಿ ಕಟ್ಟಲ್ಲ" ಅಂದರು.

ಆಮೇಲೆ ಆಂಟಿಗುವಾ ಕಥೆ ಹೇಳಿದರು. ಆಂಟಿಗುವಾ ಮತ್ತು ಬಾರ್ಬುಡಾ ಕೆರಿಬಿಯನ್ ಸಮುದ್ರದ ಪುಟ್ಟ ದೇಶ, ಸಿಂಗಾಪುರ ಅದರ ಮುಂದೆ ದೈತ್ಯ. ಅಲ್ಲಿಂದ ಆನ್‌ಲೈನ್ ಜೂಜಿನ ಕಂಪನಿಗಳು ಅಮೆರಿಕದವರಿಗೆ ಸೇವೆ ಕೊಡುತ್ತಿದ್ದವು. ಅಮೆರಿಕ ಅಡ್ಡಗಾಲು ಹಾಕಿತು. 2003ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿದ್ದು ಕಂಪನಿಗಳಲ್ಲ, ದೇಶ. ಕಂಪನಿಗಳಿಗೆ ಆ ಬಾಗಿಲೇ ಇಲ್ಲ. ದೇಶ ಗೆದ್ದಿತು. ಆದರೆ ಗೆದ್ದು ಮಾಡುವುದೇನು? ಅಮೆರಿಕದ ಸರಕಿಗೆ ಸುಂಕ ಏರಿಸಿದರೆ ತನ್ನ ಜನರಿಗೇ ಬೆಲೆ ಏರುತ್ತದೆ, ಅಮೆರಿಕಕ್ಕೆ ಸೊಳ್ಳೆ ಕಚ್ಚಿದಷ್ಟೂ ಆಗುವುದಿಲ್ಲ. ಹಾಗಾಗಿ ಅಮೆರಿಕದವರ ಕಾಪಿರೈಟ್, ಟ್ರೇಡ್‌ಮಾರ್ಕ್‌ನಂಥ ಹಕ್ಕುಗಳನ್ನು ವರ್ಷಕ್ಕೆ 2.1 ಕೋಟಿ ಡಾಲರ್ ಮೌಲ್ಯದಷ್ಟು ಬದಿಗಿಡಬಹುದು ಅಂತ ಪಂಚರು 2007ರಲ್ಲಿ ಹೇಳಿದರು. ಅಧಿಕೃತ ಅನುಮತಿ ಕೈಗೆ ಬಂದಾಗ 2013. ದೂರಿನಿಂದ ಲೆಕ್ಕ ಹಾಕಿದರೆ 10 ವರ್ಷ. "ನಿಮಗೆ ಮುಂದಿನ ತಿಂಗಳ ಸಂಬಳಕ್ಕೆ ದುಡ್ಡು ಬೇಕು, ಅಲ್ವಾ?" ಅಂತ ಕೇಳಿದರು ವಕೀಲೆ.

ನ್ಯೂಜಿಲೆಂಡಿಗೆ ಕ್ಷಮೆ ಕೇಳಿ ಬರೆದೆ. ವಿಧಿ ಇಲ್ಲ, ತಪ್ಪು ನನ್ನದು ಅಂತ. ಅದಾದ ಮೇಲೆ ಮಾತುಕತೆ ಎಷ್ಟು ಸಲೀಸಾಯಿತು ಅಂದರೆ ನನಗೇ ಆಶ್ಚರ್ಯ. ಕೋಡ್ ಅವರ ಕೈಗೂ ಬೇಡ, ನಮ್ಮಲ್ಲಿ ಮಾತ್ರವೂ ಬೇಡ, ಮೂರನೆಯವರ ಹತ್ತಿರ ಇಡೋಣ ಅಂತ ಅವರ ವಕೀಲರೇ ಸೂಚಿಸಿದರು. ಇದಕ್ಕೆ ಎಸ್ಕ್ರೋ ಅನ್ನುತ್ತಾರೆ. ನಾವು ದಿವಾಳಿಯಾದರೆ, ಇಲ್ಲವೇ ಸಾಫ್ಟ್‌ವೇರ್ ನೋಡಿಕೊಳ್ಳುವುದನ್ನು ಬಿಟ್ಟುಬಿಟ್ಟರೆ ಮಾತ್ರ ಪೆಟ್ಟಿಗೆ ತೆರೆಯಬೇಕು. ತೆರೆದರೂ ಅವರ ಸ್ವಂತ ಬಳಕೆಗೆ ಮಾತ್ರ, ಮಾರುವ ಹಾಗಿಲ್ಲ.

ನಿಜವಾದ ಪೆಟ್ಟು ಬಿದ್ದಿದ್ದು ಇಲ್ಲಿಂದ ಮುಂದೆ. ಎಸ್ಕ್ರೋ ಕರಾರಿನಲ್ಲಿ ಒಂದು ಸಾಲು ಇತ್ತು. ಈ ಕೋಡ್ ಪೂರ್ತಿಯಾಗಿ ನಮ್ಮ ಸೊತ್ತು ಅಂತ ನಾವು ಖಾತರಿ ಕೊಡಬೇಕು. ಏನು ಮಹಾ ಅಂದುಕೊಂಡು ಸಹಿಗೆ ಕಳಿಸುವವಳಿದ್ದೆ. ವಕೀಲೆ ತಡೆದರು. ಯಾವ ಭಾಗ ಯಾರು ಬರೆದದ್ದು ಅಂತ ಪಟ್ಟಿ ಕೇಳಿದರು.

ಪಟ್ಟಿ ಮಾಡಲು ಎರಡು ವಾರ ಬೇಕಾಯಿತು. ನೌಕರರು ಬರೆದದ್ದರಲ್ಲಿ ತೊಂದರೆ ಇರಲಿಲ್ಲ. ಕೆಲಸದ ಭಾಗವಾಗಿ ಬರೆದ ಕೋಡ್, ಬೇರೆ ಮಾತಾಗಿರದಿದ್ದರೆ, ಇಲ್ಲಿನ ಕಾನೂನಿನಲ್ಲಿ ಕಂಪನಿಯದ್ದೇ. ಆದರೆ ಬಾರ್‌ಕೋಡ್ ಓದುವ ಭಾಗ ಇತ್ತಲ್ಲ, ಗೋದಾಮಿನ ಹುಡುಗರು ದಿನಕ್ಕೆ ಸಾವಿರ ಸಲ ಬಳಸುವಂಥದ್ದು, ಅದನ್ನು ಬರೆದವರು ನೌಕರರಲ್ಲ. 2018ರಲ್ಲಿ ಮೂರು ತಿಂಗಳ ಮಟ್ಟಿಗೆ ಹಿಡಿದ ಫ್ರೀಲ್ಯಾನ್ಸರ್. ಫೈಲಿನಲ್ಲಿ ಅವರ ಬಿಲ್ಲು ಇತ್ತು. ನಾವು ಹಣ ಕಟ್ಟಿದ ರಸೀದಿ ಇತ್ತು. ಮತ್ತೇನೂ ಇರಲಿಲ್ಲ.

ದುಡ್ಡು ಕೊಟ್ಟಾಗಿದೆ, ನಮ್ಮದೇ ಅಲ್ವಾ ಅಂತ ಬಾಸ್ ಕೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲವಂತೆ. ಸಿಂಗಾಪುರದಲ್ಲಿ ಕಾಪಿರೈಟ್‌ಗೆ ನೋಂದಣಿ ಇಲ್ಲ, ಬರೆದ ಗಳಿಗೆಯಲ್ಲೇ ಹಕ್ಕು ಹುಟ್ಟುತ್ತದೆ. ಹೊರಗಿನವರು ಬರೆದುಕೊಟ್ಟ ಕೋಡ್‌ನ ಹಕ್ಕು ಅವರ ಹತ್ತಿರವೇ ಉಳಿಯುತ್ತದೆ. ನಮ್ಮ ಹೆಸರಿಗೆ ಬರಬೇಕಾದರೆ ಬರಹದಲ್ಲಿ ವರ್ಗಾವಣೆ ಆಗಬೇಕು, ಕೊಡುವವರ ಸಹಿ ಇರಬೇಕು. ಬಳಸಲು ನಮಗೆ ಅನುಮತಿ ಇದೆ ಅಂತ ವಾದ ಮಾಡಬಹುದಿತ್ತು. ಪೂರ್ತಿ ನಮ್ಮದು ಅಂತ ಖಾತರಿ ಕೊಡುವ ಹಾಗಿರಲಿಲ್ಲ. ಮನೆ ಪತ್ರ ಇನ್ನೊಬ್ಬರ ಹೆಸರಲ್ಲಿದೆ, ನಾನು ಮಾತ್ರ ಬಾಗಿಲಿಗೆ ಅಂತಾರಾಷ್ಟ್ರೀಯ ಬೀಗ ಹುಡುಕುತ್ತಿದ್ದೆ.

ಆ ಫ್ರೀಲ್ಯಾನ್ಸರ್ ದೇಶ ಬಿಟ್ಟು ಹೋಗಿದ್ದರು. ಹಳೇ ಫೋನ್ ನಂಬರ್ ಸತ್ತಿತ್ತು, ಮೇಲ್ ವಾಪಸ್ ಬರುತ್ತಿತ್ತು. ಕೊನೆಗೆ ನಮ್ಮಲ್ಲೇ ಕೆಲಸ ಮಾಡುವ ಒಬ್ಬರು ಅವರ ಜೊತೆ ಆನ್‌ಲೈನ್ ಚದುರಂಗ ಆಡುತ್ತಾರೆ ಅಂತ ಗೊತ್ತಾಯಿತು! ಎರಡು ವಾರದಿಂದ ನಾನು ಊರೆಲ್ಲ ಹುಡುಕುತ್ತಿದ್ದೆ, ಅವರು ನನ್ನ ಎದುರಿನ ಮೇಜಿನಲ್ಲೇ ಕೂತಿದ್ದರು.

ಫೋನಿನಲ್ಲಿ ಸಿಕ್ಕಾಗ ವಿಷಯ ಮುಚ್ಚಿಡಲಿಲ್ಲ. ಸುಮ್ನೆ ಒಂದು ಕಾಗದಕ್ಕೆ ಸಹಿ ಬೇಕಿತ್ತು ಅಂತ ತೇಲಿಸಿಬಿಡಿ ಅಂದಿದ್ದರು ಬಾಸ್. ನನಗೆ ಮನಸ್ಸು ಬರಲಿಲ್ಲ. ದೊಡ್ಡ ಮಾರಾಟ ಇದೆ, ನಿಮ್ಮ ಸಹಿ ಇಲ್ಲದೆ ಆಗುವುದಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಎರಡು ದಿನ ಯೋಚಿಸಿ ಒಂದು ಮೊತ್ತ ಹೇಳಿದರು. ಜಾಸ್ತಿಯೇನೂ ಅಲ್ಲ, ಹಳೇ ಬಿಲ್ಲಿನ ಅರ್ಧದಷ್ಟು. ಜೊತೆಗೆ ಸಾಫ್ಟ್‌ವೇರ್ ಮಾಡಿದವರ ಪಟ್ಟಿಯಲ್ಲಿ ತನ್ನ ಹೆಸರೂ ಬರಲಿ ಅಂದರು. ಬಾಸ್ ಮೊದಲನೆಯದಕ್ಕೆ ಗೊಣಗಿದರು, ಎರಡನೆಯದಕ್ಕೆ ಒಪ್ಪಿದರು. ನನಗೆ ಎರಡೂ ನ್ಯಾಯ ಅನ್ನಿಸಿತು.

ಇದೇ ಗಡಿಬಿಡಿಯಲ್ಲಿ ಇನ್ನೊಂದು ಹುಳುಕು ಕಂಡಿತು. ಗುಟ್ಟು ಗುಟ್ಟು ಅಂತ ನಾವು ಬಡಿದಾಡುತ್ತಿದ್ದ ಕೋಡ್ ಕಂಪನಿಯೊಳಗೆ ಎಲ್ಲರಿಗೂ ತೆರೆದಿತ್ತು. ಕೆಲಸ ಬಿಟ್ಟು ಹೋದ ಇಬ್ಬರು ಇಂಟರ್ನ್‌ಗಳ ಲಾಗಿನ್ ಕೂಡ ಇನ್ನೂ ಜೀವಂತ. 2020ರಲ್ಲಿ ಇಲ್ಲಿನ ಅಪೀಲು ಕೋರ್ಟಿಗೆ ಒಂದು ಮೊಕದ್ದಮೆ ಬಂದಿತ್ತು, ಸಂಬಳದ ಲೆಕ್ಕದ ಸಾಫ್ಟ್‌ವೇರ್ ಕಂಪನಿಯದ್ದು. ಹಳೇ ನೌಕರರು ಗುಟ್ಟಿನ ಕಡತಗಳನ್ನು ಒಯ್ದಿದ್ದರು ಅನ್ನುವುದು ದೂರು. ಮಾಹಿತಿ ಗುಟ್ಟಿನದು, ಗುಟ್ಟಾಗಿಡುವ ಹೊಣೆಯ ಮೇಲೆ ಕೊಟ್ಟದ್ದು ಅಂತ ಮಾಲೀಕರು ತೋರಿಸಿದರೆ ಸಾಕು, ತಾನು ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡುವುದು ಎದುರು ಪಕ್ಷದ ಹೊಣೆ ಅಂತ ಕೋರ್ಟ್ ಹೇಳಿತು. ನಮ್ಮಂಥ ಸಣ್ಣವರಿಗೆ ದೊಡ್ಡ ಅನುಕೂಲ. ಆದರೆ ಮೊದಲ ಹೆಜ್ಜೆ ನಮ್ಮದೇ ಅಲ್ವಾ? ಎಲ್ಲರಿಗೂ ತೆರೆದಿಟ್ಟದ್ದನ್ನು ಗುಟ್ಟು ಅಂತ ಯಾವ ಮುಖದಲ್ಲಿ ಹೇಳುವುದು? ಅವತ್ತೇ ಲಾಗಿನ್‌ಗಳನ್ನು ಮುಚ್ಚಿಸಿದೆ.

ತೆರಿಗೆಯ ವಿಷಯ ಚಿಕ್ಕದು, ಆದರೂ ಹೇಳುತ್ತೇನೆ. ಡಿಜಿಟಲ್ ಆಗಿ ಕಳಿಸಿದ್ದಕ್ಕೆ ಡೆಪಾದಲ್ಲಿ ಸುಂಕ ಇಲ್ಲ ಅಂತ ಓದಿ, ತೆರಿಗೆಯೂ ಇಲ್ಲ ಅಂತ ಲೆಕ್ಕಪತ್ರದವರಿಗೆ ಹೇಳಲು ಹೊರಟಿದ್ದೆ. ಗಡಿಯ ಸುಂಕ ಬೇರೆ, ದೇಶದೊಳಗಿನ ತೆರಿಗೆ ಬೇರೆ. ಸಿಂಗಾಪುರವೇ 2020ರ ಜನವರಿಯಿಂದ ಹೊರದೇಶದ ಡಿಜಿಟಲ್ ಸೇವೆಗಳಿಗೆ ಜಿಎಸ್‌ಟಿ ಹಾಕುತ್ತಿದೆ. ಅಷ್ಟರಲ್ಲಿ ನಾನು ಪಾಠ ಕಲಿತಿದ್ದೆ. ಹೇಳುವ ಮುಂಚೆ ಕೆಳಗಿನ ಸಾಲನ್ನೂ ಓದಿದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಈಗಲೂ ಸ್ವಲ್ಪ ಸಿಟ್ಟಿದೆ. ನಮ್ಮ ಲೈಸೆನ್ಸಿನಲ್ಲಿ ಒಂದು ಸಾಲು ಸೇರಿಸಿದ್ದೆ. ನಮ್ಮ ಕೈಪಿಡಿಗಳನ್ನು ಕಂಪ್ಯೂಟರಿಗೆ ತಿನ್ನಿಸಿ ವಿಶ್ಲೇಷಣೆ ಮಾಡಬಾರದು ಅಂತ. ವಕೀಲೆ ಅದರ ಮೇಲೆ ಗೀಟು ಎಳೆದರು. 2021ರ ನವೆಂಬರಿನಲ್ಲಿ ಜಾರಿಗೆ ಬಂದ ಇಲ್ಲಿನ ಹೊಸ ಕಾಪಿರೈಟ್ ಕಾಯ್ದೆಯಲ್ಲಿ, ನ್ಯಾಯವಾಗಿ ಕೈಗೆ ಸಿಕ್ಕಿದ ಕೃತಿಯನ್ನು ಕಂಪ್ಯೂಟರ್ ವಿಶ್ಲೇಷಣೆಗಾಗಿ ನಕಲು ಮಾಡಬಹುದು. ವ್ಯಾಪಾರಕ್ಕಾಗಿಯೂ ಸರಿಯೇ. ಕರಾರಿನಲ್ಲಿ ಬೇಡ ಅಂತ ಬರೆದರೂ ಆ ಸಾಲಿಗೆ ಬೆಲೆ ಇಲ್ಲ. ಲೇಖಕರು ತೀರಿಕೊಂಡ ಮೇಲೆ 50 ವರ್ಷ ಇದ್ದ ಕಾಪಿರೈಟ್ ಅವಧಿಯನ್ನು 2003ರ ಅಮೆರಿಕ ಒಪ್ಪಂದದ ದೆಸೆಯಿಂದ 70ಕ್ಕೆ ಏರಿಸಿದ ದೇಶವೇ ಇದು. ಒಂದು ಕಡೆ ಬೇಲಿ ಎತ್ತರ ಮಾಡುತ್ತದೆ, ಇನ್ನೊಂದು ಕಡೆ ಗೇಟು ತೆಗೆದಿಡುತ್ತದೆ. ಎರಡೂ ಈ ದೇಶದ ವ್ಯಾಪಾರದ ಲೆಕ್ಕಾಚಾರ. ನಮ್ಮ ಎಂಜಿನಿಯರುಗಳಿಗೆ ಇದು ಹಬ್ಬ, ಬೇರೆಯವರ ಕಡತಗಳ ಮೇಲೆ ಪ್ರಯೋಗ ಮಾಡಬಹುದು. ನನ್ನ ಸಾಲು ಹೋಯಿತಲ್ಲ ಅಂತ ನನಗೆ.

ಸಹಿ ಮಾಡಿದ ವರ್ಗಾವಣೆ ಪತ್ರ ಬಂದ ದಿನವೇ ಎಸ್ಕ್ರೋ ಕರಾರಿಗೂ ಸಹಿ ಆಯಿತು, ಗೊತ್ತು ಮಾಡಿದ ದಿನಕ್ಕಿಂತ ಏಳು ವಾರ ತಡವಾಗಿ. ಈಗ ಯಾರನ್ನೇ ಮೂರು ದಿನದ ಮಟ್ಟಿಗೆ ಹಿಡಿದರೂ ಮೊದಲು ಅವರ ಮುಂದೆ ಆ ಒಂದು ಪುಟ ಇಡುತ್ತೇನೆ. ಸಹಿ ಆಗುವವರೆಗೆ ಅವರಿಗೆ ಲಾಗಿನ್ ಇಲ್ಲ. ಚದುರಂಗ ಆಡುವ ಸಹೋದ್ಯೋಗಿ ಇದನ್ನು ಅತಿಯಾಯಿತು ಅನ್ನುತ್ತಾರೆ.